ಸ್ವಂತ ಶೈಲಿ ಶುರು ಮಾಡಲು ನಾನು ಸಿದ್ಧನಾ?

ಪ್ರಶ್ನೆ: ನನಗೆ 34 ವರ್ಷ, ಕಾಸರಗೋಡಿನ ಮುಳ್ಳೇರಿಯ ಕಡೆಯವನು. 14 ವರ್ಷ ಕರಾಟೆ, ನಡುವೆ 6 ವರ್ಷ ಕಳರಿ (ಕೇರಳದ ಕಳರಿಪಯಟ್ಟು), ಈಚೆಗೆ 2 ವರ್ಷ ಬಾಕ್ಸಿಂಗ್ ಕಲಿತಿದ್ದೇನೆ. ಮೂರರಿಂದಲೂ ಒಳ್ಳೆಯದನ್ನು ಆಯ್ದು ನನ್ನದೇ ಒಂದು ಶೈಲಿ ಶುರು ಮಾಡಬೇಕೆಂದಿದ್ದೇನೆ. ಹೆಸರೂ ಹುಡುಕಿಟ್ಟಿದ್ದೇನೆ. ಸಿದ್ಧನಾಗಿದ್ದೇನೆ ಅಂತ ಗೊತ್ತಾಗುವುದು ಹೇಗೆ? ಹಳೆಯ ಗುರುಗಳಿಗೆ ಹೇಳಬೇಕಾ? ನೀವು ಈ ದಾರಿಯಲ್ಲಿ ಹೋದವರು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಏನೇನು ಕಲಿತಿರಿ ಅಂತ ಇದೆ, ಎಷ್ಟು ವರ್ಷ ಅಂತ ಇದೆ, ಹೆಸರಿನ ವಿಷಯವೂ ಇದೆ. ಯಾರಿಗೆ ಕಲಿಸಿದಿರಿ ಅನ್ನುವುದು ಮಾತ್ರ ಎಲ್ಲೂ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಮೈಗೆ ಒಗ್ಗಿದ್ದು ನಿಮ್ಮ ಅಭ್ಯಾಸ, ಅಷ್ಟೇ. ನಿಮಗಿಂತ ಗಿಡ್ಡ ಇರುವವನಿಗೆ, ತೂಕ ಜಾಸ್ತಿ ಇರುವವನಿಗೆ, ಎಡಗೈ ಬಳಸುವವಳಿಗೆ ಅದನ್ನು ಕಲಿಸಿ ನೋಡಿ. ಅವರ ಮೈಯಲ್ಲೂ ಅದು ನಿಂತರೆ ಆಗ ಶೈಲಿ ಅನ್ನಬಹುದು.

ನಮ್ಮ ಯಕ್ಷಗಾನವನ್ನೇ ತೆಗೆದುಕೊಳ್ಳಿ. ಒಬ್ಬ ವೇಷಧಾರಿ ಎಷ್ಟೇ ಚೆಂದ ಹಾರಿ ತಿರುಗಿ ಧೀಂಗಿಣ ಹಾಕಿದರೂ ಅದನ್ನು ಅವನ ಕುಣಿತ ಅನ್ನುತ್ತೇವೆ. ತಿಟ್ಟು, ಅಂದರೆ ಒಂದು ಶೈಲಿ, ಅನ್ನಬೇಕಾದರೆ ಹಿಮ್ಮೇಳ, ಹೆಜ್ಜೆ, ವೇಷ ಎಲ್ಲ ಒಂದಕ್ಕೊಂದು ಹೊಂದಬೇಕು, ನಾಲ್ಕಾರು ಮೇಳಗಳಲ್ಲಿ ಬೇರೆ ಬೇರೆ ಮೈಕಟ್ಟಿನವರು ಅದನ್ನೇ ಕುಣಿಯಬೇಕು. ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಇನ್ನು 'ಮೂರರಿಂದಲೂ ಒಳ್ಳೆಯದನ್ನು ಆಯ್ದು' ಅನ್ನುವ ಮಾತು. ನನ್ನ ಹತ್ತಿರ ಬರುವ ಹೆಚ್ಚಿನವರು ಇದನ್ನೇ ಹೇಳುತ್ತಾರೆ, ಮತ್ತು ಹೆಚ್ಚಿನವರು ಎಡವುವುದೂ ಇಲ್ಲೇ. ಕರಾಟೆಯ ಹೊಡೆತಕ್ಕೆ ಬಲ ಬರುವುದು ಕರಾಟೆಯ ನಿಲುವಿನಿಂದ. ಬಾಕ್ಸಿಂಗಿನ ಕೈ ವೇಗ ಬರುವುದು ಹಿಮ್ಮಡಿ ಹಗುರ ಇಟ್ಟು ನಿಲ್ಲುವುದರಿಂದ, ಅಲ್ಲಿ ಎದುರಿನವನು ಕಾಲಿಗೆ ಒದೆಯುವುದಿಲ್ಲ ಅನ್ನುವ ನಂಬಿಕೆಯೂ ಅದರೊಳಗೆ ಸೇರಿದೆ. ಕಳರಿಯಲ್ಲಿ ಮೊದಲು ಮೆಯ್ತಾರಿ (ಮೈ ಹದ ಮಾಡುವುದು), ಆಮೇಲೆ ಕೋಲ್ತಾರಿ (ಕೋಲು), ಆಮೇಲೆ ಅಂಕತ್ತಾರಿ (ಕತ್ತಿಯಂಥ ಆಯುಧ), ಬರಿಗೈ ಕೊನೆಗೆ. ಅಲ್ಲಿನ ತಗ್ಗಿದ ವಡಿವುಗಳು ಅಂದರೆ ನಿಲುವುಗಳು, ಉದ್ದ ಹೆಜ್ಜೆಗಳು ಮುಂದೆ ಕೋಲು, ಕತ್ತಿ ಹಿಡಿಯಬೇಕಾದ ಮೈಯನ್ನು ಹದ ಮಾಡುವುದಕ್ಕೆ ಇರುವವು. ಒಂದರಿಂದ ಕೈ, ಇನ್ನೊಂದರಿಂದ ಕಾಲು ಕಿತ್ತು ಸೇರಿಸಿದರೆ ಎರಡರ ಬೇರೂ ಹೋಗುತ್ತದೆ.

ಹೊಸದನ್ನು ಕಟ್ಟಿದವರು ಏನು ಮಾಡಿದರು ಅಂತ ನೋಡಿದರೆ, ಸೇರಿಸಿದ್ದಕ್ಕಿಂತ ತೆಗೆದದ್ದೇ ಜಾಸ್ತಿ. ಜೂಡೊ ಕಟ್ಟಿದ ಕಾನೊ ಜಿಗೊರೊ ಜಪಾನಿನ ಹಳೆಯ ಕುಸ್ತಿ ವಿದ್ಯೆ ಜುಜುತ್ಸುವಿನ ಎರಡು ಪರಂಪರೆಗಳನ್ನು ಕಲಿತವರು, ತೆಂಜಿನ್ ಶಿನ್ಯೊ ಮತ್ತು ಕಿತೊ. 1882ರಲ್ಲಿ ಟೋಕಿಯೊದ ಎಯ್‌ಶೊಜಿ ದೇವಾಲಯದಲ್ಲಿ 12 ಚಾಪೆಯ ಜಾಗದಲ್ಲಿ ತಮ್ಮ ಶಾಲೆ ಕೊಡೊಕಾನ್ ಶುರು ಮಾಡಿದಾಗ ಅವರಿಗೆ 21 ವರ್ಷ. ಮೊದಲ ವರ್ಷ ಸೇರಿದ್ದು 9 ಮಂದಿ. ಎದುರಿನವನ ಮೈಗೆ ಪೆಟ್ಟಾಗುವ ಅಪಾಯದ ಪಟ್ಟುಗಳನ್ನು ಅವರು ಮುಕ್ತ ಅಭ್ಯಾಸದ ಕುಸ್ತಿಯಿಂದ, ಅಂದರೆ ರಾಂಡೊರಿಯಿಂದ, ಹೊರಗಿಟ್ಟರು. ಯಾಕೆ ಗೊತ್ತಾ? ಕಣ್ಣಿಗೆ ಬೆರಳು ಹಾಕುವ ವಿದ್ಯೆಯನ್ನು ಜೊತೆಗಾರನ ಮೇಲೆ ಪೂರ್ತಿ ಬಲದಿಂದ ಅಭ್ಯಾಸ ಮಾಡಲಾಗುವುದಿಲ್ಲ, ಬರೀ ತೋರಿಸಬಹುದು. ಎತ್ತಿ ಒಗೆಯುವುದನ್ನು ಚಾಪೆಯ ಮೇಲೆ ದಿನಕ್ಕೆ ನೂರು ಸಲ, ನಿಜವಾಗಿ ಎದುರು ಬಲ ಹಾಕುವವನ ಮೇಲೆ ಮಾಡಬಹುದು. ಅಪಾಯದ್ದನ್ನು ತೆಗೆದದ್ದರಿಂದ ಅಭ್ಯಾಸ ನಿಜವಾಯಿತು. ಇಷ್ಟು ಸರಳ ವಿಷಯ ಎಷ್ಟೋ ಜನರಿಗೆ ಹೊಳೆಯುವುದಿಲ್ಲ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ಹಾಗಾದರೆ ಏನನ್ನು ತೆಗೆಯಬೇಕು, ಏನನ್ನು ಇಟ್ಟುಕೊಳ್ಳಬೇಕು ಅಂತ ಹೇಳುವುದು ಯಾವುದು? ಒಂದು ಪ್ರಶ್ನೆ. ನಿಮ್ಮನ್ನು ಬಿಡದೆ ಕಾಡುವ, ನೀವು ಕಲಿತ ಯಾವುದೂ ಉತ್ತರ ಕೊಡದ ಒಂದು ಪ್ರಶ್ನೆ. ಬ್ರೂಸ್ ಲೀ 13ರ ಆಸುಪಾಸಿನಲ್ಲಿ ಹಾಂಕಾಂಗಿನಲ್ಲಿ ಇಪ್ ಮ್ಯಾನ್ ಅವರ ಹತ್ತಿರ ವಿಂಗ್ ಚುನ್ ಅನ್ನುವ ಕುಂಗ್‌ಫು ಶೈಲಿ ಕಲಿತವರು. 1964ರಲ್ಲಿ ಅಮೆರಿಕದ ಓಕ್‌ಲ್ಯಾಂಡಿನಲ್ಲಿ ಇನ್ನೊಬ್ಬ ಕುಂಗ್‌ಫು ಪಟು ವಾಂಗ್ ಜಾಕ್ ಮ್ಯಾನ್ ಜೊತೆ ಕಾದಾಡಿದರು. ಆ ದಿನ ಏನಾಯಿತು ಅನ್ನುವುದರ ಬಗ್ಗೆ ಎರಡು ಕಡೆಯವರ ಮಾತೂ ಬೇರೆ ಬೇರೆ. ಆದರೆ ತಾನು ಅಷ್ಟು ಬೇಗ ಏದುಸಿರು ಬಿಟ್ಟದ್ದು, ಕಲಿತ ಹೊಡೆತಗಳಿಂದ ಬೇಗ ಮುಗಿಸಲಾಗದ್ದು ಲೀಯನ್ನು ಕಾಡಿತು. ಓಟ, ಬಾಕ್ಸಿಂಗ್, ಫೆನ್ಸಿಂಗ್ ಎಲ್ಲದರ ಕಡೆ ಅವರು ಇನ್ನಷ್ಟು ಹೊರಳಿದ್ದು ಆ ಕೊರಗಿನಿಂದ. ಅವರ ವಿದ್ಯೆಗೆ ಜೀತ್ ಕುನೆ ದೊ ಅನ್ನುವ ಹೆಸರು ಬಂದದ್ದು 1967ರಲ್ಲಿ. ಮೊದಲು ಕೊರಗು, ಆಮೇಲೆ ಮೂರು ವರ್ಷ ಕೆಲಸ, ಆಮೇಲೆ ಹೆಸರು. ಈ ಸಾಲನ್ನು ಗಮನಿಸಿ.

ನನ್ನ ಪ್ರಶ್ನೆ ಮೊಣಕಾಲಿನಿಂದ ಬಂತು. ನೀವು ನನ್ನ ದಾರಿ ಕೇಳಿದ್ದೀರಿ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನನಗೆ ಈಗ 63. ಅಜ್ಜನ ಮನೆ ಚಂದ್ರಗಿರಿ ಹೊಳೆಯ ಆಚೆ, ನೀಲೇಶ್ವರದ ಕಡೆ. ಅಲ್ಲಿದ್ದು ಶಾಲೆಗೆ ಹೋಗುತ್ತಿದ್ದಾಗ 9ನೇ ವಯಸ್ಸಿಗೆ ಕಳರಿಗೆ ಇಳಿದೆ. ಇಳಿಯುವುದು ಅಂದರೆ ನಿಜವಾಗಿ ಇಳಿಯುವುದೇ, ಕುಳಿಕ್ಕಳರಿ ನೆಲಮಟ್ಟದಿಂದ ಕೆಳಗೆ ಅಗೆದ ಜಾಗ. 42 ಅಡಿ ಉದ್ದ, 21 ಅಡಿ ಅಗಲ, ಪೂರ್ವಕ್ಕೆ ಬಾಗಿಲು, ನೈಋತ್ಯ ಮೂಲೆಯಲ್ಲಿ ಪೂಜೆಯ ಕಟ್ಟೆ, ಏಳು ಮೆಟ್ಟಿಲಿನ ಪೂತ್ತರ. ಮೈಗೆ ಎಣ್ಣೆ, ಸೊಂಟಕ್ಕೆ ಕಚ್ಚೆ, ಕಾಲಡಿಗೆ ತಂಪಾದ ಮಣ್ಣು. ಗುರುಕ್ಕಳ್, ಅಂದರೆ ನಮ್ಮ ಗುರುಗಳು, ಬಾಯಲ್ಲಿ ಆಜ್ಞೆಗಳ ವಾಯ್ತಾರಿ ಹೇಳುತ್ತಿದ್ದರು, ಆ ಲಯಕ್ಕೆ ನಮ್ಮ ಕಾಲು ಏಳುತ್ತಿತ್ತು. ಮೊದಲ ಮಳೆಗಾಲ ಪೂರ್ತಿ ಕಾಲು ನೇರ ಎತ್ತುವ ನೇರ್ಕಾಲ್, ಬರೀ ನೇರ್ಕಾಲ್. ಮೂರನೇ ವರ್ಷ ಕೈಗೆ ಉದ್ದ ಕೋಲು ಕೆಟ್ಟುಕಾರಿ ಬಂತು, ಆಮೇಲೆ ಮೂರು ಗೇಣಿನ ಗಿಡ್ಡ ಕೋಲು ಮುಚ್ಚಾಣ್. ಆರು ವರ್ಷ ಅಲ್ಲಿದ್ದೆ. ಊರಿಗೆ ಬಂದ ಮೇಲೂ ರಜೆಯಲ್ಲಿ ಹೋಗುತ್ತಿದ್ದೆ.

22ಕ್ಕೆ ಕೆಲಸಕ್ಕೆಂದು ಮಂಗಳೂರು ಸೇರಿದೆ. ಅಲ್ಲಿ ಸಂಜೆ ಕರಾಟೆ. ನೆಲ ಸಿಮೆಂಟಿನದ್ದು, ಬ್ಯಾಚಿನಲ್ಲಿ ನಲವತ್ತು ಜನ, ಮೈ ಬಿಸಿ ಮಾಡಿಕೊಳ್ಳಲು ಹತ್ತು ನಿಮಿಷವೂ ಇಲ್ಲ. 27ನೇ ವಯಸ್ಸಿನಲ್ಲಿ ಒಂದು ಸಂಜೆ ತಿರುಗಿ ಒದೆಯಲು ಹೋದೆ. ನಿಂತ ಕಾಲಿನ ಪಾದ ನೆಲಕ್ಕೆ ಅಂಟಿಕೊಂಡೇ ಇತ್ತು, ಸೊಂಟ ತಿರುಗಿ ಆಗಿತ್ತು. ಒಳಗೆ ಟಪ್ ಅಂತ ಆದದ್ದು ನನಗೇ ಕೇಳಿಸಿತು. ಮೊಣಕಾಲ ಒಳಗಿನ ಮೆತ್ತೆ, ಮೆನಿಸ್ಕಸ್, ಹರಿದಿತ್ತು.

ಮೊಣಕಾಲು ಮುಖ್ಯವಾಗಿ ಬಾಗಿಲ ತಿರುಗಣೆಯ ಹಾಗೆ ಮಡಚಿ ಬಿಡಿಸುವ ಕೀಲು. ಪಕ್ಕಕ್ಕೆ ತಿರುಚುವ ಅವಕಾಶ ಅದರಲ್ಲಿ ತೀರಾ ಕಡಿಮೆ. ತಿರುಗುವ ಕೆಲಸ ಸೊಂಟದ್ದು ಮತ್ತು ಪಾದದ್ದು. ಪಾದ ಸಿಕ್ಕಿಹಾಕಿಕೊಂಡರೆ ಸೊಂಟದ ತಿರುಚೆಲ್ಲ ನಡುವಿನ ಮೊಣಕಾಲಿನ ಮೇಲೆ ಬೀಳುತ್ತದೆ. ಕಳರಿಯ ಮಣ್ಣಿನಲ್ಲಿ ಪಾದ ತಾನಾಗಿ ಸ್ವಲ್ಪ ಜಾರಿ ಹೊರಳುತ್ತಿತ್ತು, ಹಾಗಾಗಿ ಹದಿನೆಂಟು ವರ್ಷ ನನಗೆ ಈ ವಿಷಯ ಗೊತ್ತೇ ಆಗಿರಲಿಲ್ಲ. ಎಂಟು ತಿಂಗಳು ಜಗಲಿಯಲ್ಲಿ ಕೂತು ಇದೊಂದನ್ನೇ ಯೋಚಿಸಿದೆ: ಯಾವ ನೆಲದ ಮೇಲಾದರೂ ಸರಿ, ಪಾದ ಹಿಂದೆ ಉಳಿಯದ ಹಾಗೆ ತಿರುಗುವುದು ಹೇಗೆ?

ಕೆಲಸ ಬಿಟ್ಟು ಊರಿಗೆ ಬಂದೆ, ತೋಟ ನೋಡಿಕೊಂಡೆ. 31ರಲ್ಲಿ ಅಕ್ಕಪಕ್ಕದ ಆರು ಮಕ್ಕಳಿಗೆ ನಮ್ಮ ಅಂಗಳದಲ್ಲೇ ಕಲಿಸಲು ಶುರು ಮಾಡಿದೆ. ಅಡಿಕೆ ಬೆಳೆಯುವವರ ಅಂಗಳ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಡಿಸೆಂಬರ್ ಬಂತೆಂದರೆ ಅಂಗಳ ತುಂಬ ಅಡಿಕೆ, ಜಗಲಿಗೂ ಅಡಿಕೆಗೂ ನಡುವೆ ಉಳಿಯುವುದು ನಾಲ್ಕು ಅಡಿಯ ಓಣಿ. ಅದರಲ್ಲಿ ಉದ್ದ ಹೆಜ್ಜೆ ಹಾಕಲು ಜಾಗವೇ ಇಲ್ಲ. ಬರಿಗಾಲ ಅಡಿಗೆ ಒಂದು ಅಡಿಕೆ ಉರುಳಿ ಬಂದರೆ ಮೈಯೆಲ್ಲ ಹೋಯಿತು. ಮಕ್ಕಳು ತಾವಾಗಿಯೇ ಒಂದು ಅಭ್ಯಾಸ ಮಾಡಿಕೊಂಡರು: ಪಾದ ಇಟ್ಟು, ಕೆಳಗೆ ಏನಿದೆ ಅಂತ ಕಾಲಿನಿಂದಲೇ ಕೇಳಿ, ಆಮೇಲೆ ಭಾರ ಬಿಡುವುದು. ನಾನು ಅದನ್ನು ಕಲಿಸಿರಲಿಲ್ಲ.

ಅವರಲ್ಲಿ 13 ವರ್ಷದ ಒಬ್ಬಳು ಹುಡುಗಿ ಇದ್ದಳು. ಗಿಡ್ಡ ಮೈ, ಎಡಗೈಯವಳು, ಕಾಲಿನ ಮಣಿಗಂಟು ಬಿಗಿ. ಮುಂಗಾಲಿನ ಮೇಲೆ ತಿರುಗು ಅಂತ ನಾನು ಹೇಳುತ್ತಿದ್ದೆ, ಅವಳು ಮೂರು ಸಲ ಬಿದ್ದಳು. ನಾಲ್ಕನೇ ಸಲ ನನ್ನ ಮಾತು ಬಿಟ್ಟು ತನಗೆ ಬಂದ ಹಾಗೆ ಮಾಡಿದಳು. ತಿರುಗುವ ಮೊದಲು ಹಿಂದಿನ ಪಾದವನ್ನು ಒಂದು ಗೇಣು ಎತ್ತಿಟ್ಟಳು, ಬೆರಳುಗಳು ಆಗಲೇ ಹೊಸ ದಿಕ್ಕು ನೋಡುತ್ತಿದ್ದವು, ಸೊಂಟ ಆಮೇಲೆ ಬಂತು. ಅರ್ಧ ಹೆಜ್ಜೆ, ಅಷ್ಟೇ. ಮೊಣಕಾಲಿಗೆ ತಿರುಚೇ ಇಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ನಾಲ್ಕು ವರ್ಷ ಹುಡುಕಿದ್ದು ಆ ಹುಡುಗಿಯ ಹಿಮ್ಮಡಿಯಲ್ಲಿ ಇತ್ತು.

ಅವತ್ತಿನಿಂದ ನನ್ನ ಕೆಲಸ ಸ್ಪಷ್ಟವಾಯಿತು. ಆ ಅರ್ಧ ಹೆಜ್ಜೆಗೆ ಹೊಂದದ್ದನ್ನೆಲ್ಲ ಒಂದೊಂದಾಗಿ ಬಿಟ್ಟೆ. ಎತ್ತರದ ತಿರುಗು ಒದೆತ ಹೋಯಿತು. ಹಾರಿ ಒದೆಯುವುದು ಹೋಯಿತು, ಅದನ್ನು ಬಿಡಲು ಮನಸ್ಸಿಗೆ ತುಂಬ ಕಷ್ಟ ಆಯಿತು. ಮುಚ್ಚಾಣ್ ಉಳಿಯಿತು, ಯಾಕೆಂದರೆ ಗಿಡ್ಡ ಕೋಲಿಗೂ ಗಿಡ್ಡ ಹೆಜ್ಜೆಗೂ ಚೆನ್ನಾಗಿ ಹೊಂದುತ್ತದೆ. ಜೂಡೊ ಕಲಿತ ಗೆಳೆಯನೊಬ್ಬ ಬಂದು ಅಂಗಿ ಹಿಡಿದು ಎಳೆದಾಗ ನಾವೆಲ್ಲ ಸಾಲಾಗಿ ಬಿದ್ದೆವು. ಹಿಡಿತ ಬಿಡಿಸಿಕೊಳ್ಳುವ ಪಾಠ ಸೇರಿದ್ದು ಆಗ. ಅವನಿಂದ ಎರಡು ವರ್ಷ ಕೂತು ಕಲಿತೆವು, ಮೊದಲು ಬೀಳುವುದನ್ನು, ಆಮೇಲೆ ಬೀಳಿಸುವುದನ್ನು.

ನಿಮಗೆ ನಾನು ಹೇಳುವುದೂ ಇದನ್ನೇ. ನಿಮ್ಮ ಮೂರು ವಿದ್ಯೆಗಳನ್ನು ಪಕ್ಕದಲ್ಲಿಟ್ಟುಕೊಂಡು, ಇವು ಮೂರೂ ಕೈಬಿಟ್ಟ ಜಾಗ ಯಾವುದು ಅಂತ ಹುಡುಕಿ. ನಿಮಗೆ ಪೆಟ್ಟಾದ ಜಾಗ, ಸೋತ ಜಾಗ, ಶಿಷ್ಯನೊಬ್ಬನಿಗೆ ಎಷ್ಟು ಹೇಳಿದರೂ ಬಾರದ ಜಾಗ. ಅಂಥದ್ದು ಸಿಗದಿದ್ದರೆ ಸದ್ಯಕ್ಕೆ ಹೊಸ ಶೈಲಿಯ ಅಗತ್ಯ ಇಲ್ಲ, ಕಲಿತದ್ದನ್ನೇ ಪ್ರೀತಿಯಿಂದ ಕಲಿಸಿ. ಅದೂ ದೊಡ್ಡ ಕೆಲಸವೇ. ಉತ್ತರದ ಕಳರಿಯಲ್ಲೇ ಅರಪ್ಪುಕ್ಕೈ, ಪಿಳ್ಳತ್ತಾಂಗಿ, ವಟ್ಟೇಂತಿರಿಪ್ಪು ಅಂತ ಬೇರೆ ಬೇರೆ ಸಂಪ್ರದಾಯಗಳಿವೆ. ಒಂದೊಂದನ್ನು ತುಂಬಿಕೊಳ್ಳಲು ಒಂದು ಆಯುಷ್ಯ ಬೇಕು.

ಪರೀಕ್ಷೆ ಹೇಗೆ ಅಂದರೆ: ಎದುರಿನವನಿಗೆ ನಿಮ್ಮ ಶೈಲಿ ಗೊತ್ತಿರಬಾರದು, ಅವನು ನಿಮ್ಮ ಶಿಷ್ಯನೂ ಆಗಿರಬಾರದು. ನಮ್ಮ ಶಿಷ್ಯರು ನಮ್ಮ ಪಟ್ಟಿಗೆ ಗೌರವದಿಂದ ಬೀಳುತ್ತಾರೆ. ಇದು ಅವರಿಗೇ ಗೊತ್ತಿರುವುದಿಲ್ಲ. ಬೇರೆ ಕ್ಲಾಸಿನವರನ್ನು ಕರೆಯಿರಿ, ಕಬಡ್ಡಿ ಆಡುವ ಹುಡುಗರನ್ನು ಕರೆಯಿರಿ. ಸುಮ್ನೆ ಹಿಡಿಯಿರಿ, ಎಳೆಯಿರಿ ಅನ್ನಿ. ತಲೆಗೆ, ಹಲ್ಲಿಗೆ ರಕ್ಷಣೆ ಹಾಕಿಕೊಂಡೇ ಮಾಡಿ. ಮತ್ತೆ ಅಲ್ಲಿ ನೀವು ಇಳಿಯಬೇಡಿ, ನಿಮ್ಮಿಂದ ಕಲಿತವನನ್ನು ಇಳಿಸಿ.

ಇನ್ನು ಗುರುಗಳಿಗೆ ಹೇಳಬೇಕಾ ಅಂತ ಕೇಳಿದ್ದೀರಿ. ಹೇಳಲೇಬೇಕು, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವ ಮೊದಲು.

ಕಾನೊ ಕೊಡೊಕಾನ್ ಶುರು ಮಾಡಿದ ಮೇಲೂ ಕಿತೊ ಗುರು ಈಕುಬೊ ಅವರಿಂದ ಕಲಿಯುವುದನ್ನು ನಿಲ್ಲಿಸಲಿಲ್ಲ. ಗುರುಗಳೇ ಬಂದು ಅಲ್ಲಿ ಕಲಿಸುತ್ತಿದ್ದರು. ಕೆಲವು ವರ್ಷದ ನಂತರ ಒಂದು ದಿನ ಕಾನೊ, ಎದುರಿನವನ ಸಮತೋಲ ಮೊದಲು ಕದಡಿ ಆಮೇಲೆ ಒಗೆಯುವುದನ್ನು ಸಾಧಿಸಿ, ಗುರುಗಳನ್ನೇ ಮತ್ತೆ ಮತ್ತೆ ಕೆಡವಿದರು. ಹೇಗೆ ಮಾಡಿದೆ ಅಂತ ಗುರು ಕೇಳಿದರು, ಕಾನೊ ವಿವರಿಸಿದರು. ಇನ್ನು ನಿನಗೆ ಕಲಿಸಲು ನನ್ನಲ್ಲಿ ಏನೂ ಇಲ್ಲ ಅಂದರು ಗುರು. ಇದನ್ನು ಓದಿದಾಗೆಲ್ಲ ನನಗೆ ಆ ಗುರುವಿನ ಮೇಲೇ ಪ್ರೀತಿ ಜಾಸ್ತಿಯಾಗುತ್ತದೆ.

ನಾನು ಹೋದದ್ದು 42ರಲ್ಲಿ. ಗುರುಕ್ಕಳಿಗೆ ಆಗ 78. ವೀಳ್ಯದೆಲೆ, ಅಡಿಕೆ, ಒಂದು ನಾಣ್ಯ ಇಟ್ಟು ನಮಸ್ಕಾರ ಮಾಡಿ ವಿಷಯ ಹೇಳಿದೆ. ನೀವು ಕಲಿಸಿದ್ದರಲ್ಲಿ ಕೆಲವನ್ನು ಬಿಟ್ಟಿದ್ದೇನೆ ಅನ್ನುವಾಗ ಗಂಟಲು ಕಟ್ಟಿತು. ಅವರು ಏನೂ ಹೇಳಲಿಲ್ಲ. ಮಾಡಿ ತೋರಿಸು ಅಂದರು. ತೋರಿಸಿದೆ. ನೀನು ಮಾಡುತ್ತೀಯ, ಮಕ್ಕಳು ಮಾಡುತ್ತಾರಾ ಅಂತ ಕೇಳಿದರು. ಮುಂದಿನ ವಾರ ಚೆನ್ನಾಗಿ ಮಾಡುವವರನ್ನು ಕರೆದುಕೊಂಡು ಹೋಗುವ ಆಸೆ ಇತ್ತು, ಆದರೆ ಅವರು ಮೊದಲೇ ಹೇಳಿದ್ದರು, ಎಲ್ಲರಿಗಿಂತ ಹಿಂದೆ ಇರುವವನನ್ನು ತಾ ಅಂತ.

ಹತ್ತನೇ ಕ್ಲಾಸಿನ ಒಬ್ಬ ಹುಡುಗನನ್ನು ಕರೆದುಕೊಂಡು ಹೋದೆ. ಭಾರದ ಮೈ, ನಾಚಿಕೆ ಸ್ವಭಾವ. ಕಳರಿಯ ಮಣ್ಣಿನ ಮೇಲೆ ಅವನು ಅರ್ಧ ಹೆಜ್ಜೆ ಇಟ್ಟು ತಿರುಗಿದ. ಗುರುಕ್ಕಳ್ ಕುರ್ಚಿಯಿಂದ ಎದ್ದರು, ಗೋಡೆ ಹಿಡಿದು ಹತ್ತಿರ ಬಂದರು. ಮತ್ತೆ ಮಾಡು ಅಂದರು. ಅವನು ತಿರುಗುವ ಹೊತ್ತಿಗೆ ತಮ್ಮ ಕಾಲಿನ ಹೆಬ್ಬೆರಳನ್ನು ಅವನ ಹಿಮ್ಮಡಿಯ ಕೆಳಗೆ ತೂರಿಸಿದರು. ಅಲ್ಲಿ ಭಾರ ಇದ್ದಿದ್ದರೆ ಆ ವಯಸ್ಸಿನ ಬೆರಳು ಜಜ್ಜಿಹೋಗುತ್ತಿತ್ತು. ಬೆರಳು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂತು. ಎಡಗಡೆಗೆ ಮಾಡಿಸಿದರು. ಎಡಗಡೆ ಸಿಕ್ಕಿಕೊಂಡಿತು. 'ಈ ಕಡೆ ಆಗಿದೆ, ಆ ಕಡೆ ಇನ್ನೂ ಇದೆ' ಅಂದರು ಮಲಯಾಳದಲ್ಲಿ. ಅಷ್ಟೇ. ಆಶೀರ್ವಾದ ಅಂತ ಬೇರೆ ಏನೂ ಹೇಳಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಮುಂದಿನ ಎರಡು ವರ್ಷ ನಾವು ಎಡಗಡೆಯದ್ದನ್ನೇ ತಿದ್ದಿದೆವು.

ಹಾಗೆ ನೋಡಿದರೆ ಉತ್ತರ ಮಲಬಾರಿನ ಹಳೆಯ ವೀರರ ಹಾಡುಗಳಲ್ಲಿ ಹೆಚ್ಚಿನ ವಿದ್ಯೆಗೆಂದು ತುಳುನಾಡಿಗೆ ಬರುವವರ ಕಥೆ ಇದೆ. ನಾನು ಈಚೆಯಿಂದ ಆಚೆಗೆ ಹೋದೆ. ಹೊಳೆ ದಾಟಿ ಕಲಿಯುವುದು ನಮ್ಮ ಕಡೆ ಹೊಸದಲ್ಲ, ಭಾಷೆ ಬೇರೆ ಅಂತ ಯಾರೂ ತಡೆದದ್ದೂ ಇಲ್ಲ.

ನಿಮ್ಮ ಗುರುಗಳು ಬೇಜಾರು ಮಾಡಿಕೊಳ್ಳಬಹುದು. ಮಾಡಿಕೊಂಡರೆ ಎದುರು ವಾದ ಬೇಡ. ಹಬ್ಬಕ್ಕೆ ಹೋಗುವುದನ್ನು, ಅವರ ಕ್ಲಾಸಿನ ಕೆಲಸಕ್ಕೆ ಕೈ ಹಾಕುವುದನ್ನು ನಿಲ್ಲಿಸಬೇಡಿ. ಅವರ ಶಿಷ್ಯರನ್ನು ಮಾತ್ರ ಎಂದೂ ನಿಮ್ಮ ಕಡೆ ಎಳೆಯಬೇಡಿ. ಮನೆ ಒಡೆಯುವುದು ಅದರಿಂದಲೇ.

ಹೆಸರಿನ ಬಗ್ಗೆ. ಇಟ್ಟುಕೊಂಡ ಹೆಸರನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲಿಡಿ. ಓಕಿನಾವಾದ ಕರಾಟೆ ಗುರು ಮಿಯಾಗಿ ಚೋಜುನ್ ಅವರ ವಿದ್ಯೆಗೆ ಹೆಸರೇ ಇರಲಿಲ್ಲ. 1930ರಲ್ಲಿ ಅವರ ಶಿಷ್ಯನೊಬ್ಬ ಟೋಕಿಯೊದಲ್ಲಿ ಪ್ರದರ್ಶನ ಕೊಟ್ಟಾಗ ನಿಮ್ಮದು ಯಾವ ಶಾಲೆ ಅಂತ ಯಾರೋ ಕೇಳಿದರು, ಅವನಿಗೆ ಹೇಳಲು ಏನೂ ಇರಲಿಲ್ಲ. ಅವನು ಊರಿಗೆ ಬಂದು ಹೇಳಿದ ಮೇಲೆ ಹುಟ್ಟಿದ್ದು ಗೋಜು, ಅಂದರೆ ಗಟ್ಟಿ ಮತ್ತು ಮೃದು. ಇನ್ನೊಬ್ಬ ಕರಾಟೆ ಗುರು ಮಬುನಿ ಕೆನ್ವಾ ಅವರ ಶಿತೊ ಅನ್ನುವ ಹೆಸರು ಅವರ ಇಬ್ಬರು ಗುರುಗಳಾದ ಇತೊಸು ಮತ್ತು ಹಿಗಾವೊನ್ನಾ ಹೆಸರಿನ ಮೊದಲ ಚಿತ್ರಾಕ್ಷರಗಳನ್ನು ಬೇರೆ ಉಚ್ಚಾರದಲ್ಲಿ ಓದಿದ್ದರಿಂದ ಬಂದದ್ದು. ನಮ್ಮದಕ್ಕೆ ನಾನು ಹೆಸರಿಡಲಿಲ್ಲ. ಬದಿಯಡ್ಕದ ಪೇಟೆಯಲ್ಲಿ ಯಾರೋ ಮಕ್ಕಳ ಹತ್ತಿರ ಎಲ್ಲಿಗೆ ಹೋಗುವುದು ಅಂತ ಕೇಳಿದರಂತೆ. 'ಅರೆಹೆಜ್ಜೆ ಕ್ಲಾಸಿಗೆ' ಅಂದರಂತೆ. ಹಾಗೇ ಉಳಿಯಿತು.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ನಿಮ್ಮ ಶೈಲಿಯ ಬೆಲ್ಟು, ಸರ್ಟಿಫಿಕೇಟು ಸರಕಾರಿ ಸ್ಪರ್ಧೆಗಳಿಗೆ ಉಪಯೋಗಕ್ಕೆ ಬರುವುದಿಲ್ಲ ಅಂತ ತಂದೆತಾಯಿಗೆ ಮೊದಲ ದಿನವೇ ಹೇಳಿ. ಕಳರಿಪಯಟ್ಟು ಈಗ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಸೇರಿದೆ, ಅದರಲ್ಲಿ ಆಸೆ ಇರುವ ಮಗುವನ್ನು ಮಾನ್ಯತೆ ಇರುವ ಕಳರಿಗೆ ನೀವೇ ಕಳಿಸಿ. ಎರಡನೆಯದು ಮರ್ಮ, ಪೆಟ್ಟಾದರೆ ಅಪಾಯ ತರುವ ಮೈಯ ಸೂಕ್ಷ್ಮ ಜಾಗಗಳು. ಸುಶ್ರುತ ಸಂಹಿತೆ 107 ಮರ್ಮಗಳನ್ನು ಹೇಳುತ್ತದೆ, ಅದನ್ನು ಕೇಳಿದ ಕೂಡಲೇ ಹುಡುಗರ ಕಣ್ಣು ಅರಳುತ್ತದೆ. ಆರು ವರ್ಷದ ಕಳರಿಯ ಮೇಲೆ ಮರ್ಮ ಕಲಿಸಲು, ಎಣ್ಣೆ ಹಚ್ಚಿ ತಿಕ್ಕುವ ಉಳಿಚ್ಚಿಲ್ ಮಾಡಲು ದಯವಿಟ್ಟು ಹೋಗಬೇಡಿ. ನನ್ನ ಗುರುಗಳು ನನಗೆ ಅದನ್ನು ಕೊಟ್ಟದ್ದು ಹದಿನೈದು ವರ್ಷ ಕಳೆದ ಮೇಲೆ, ಅದೂ ಚಿಕಿತ್ಸೆಯ ಕಡೆಯಿಂದ.

ಈಗ ನಿಮ್ಮ ಕೆಲಸ. ನಾಲ್ಕೈದು ಮಂದಿಗೆ ಎರಡು ವರ್ಷ ಕಲಿಸಿ, ಹಣಕ್ಕಾಗಿ ಬೇಡ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಯಾರಿಗೆ ಏನು ಬರಲಿಲ್ಲ ಅನ್ನುವುದನ್ನು ಮಾತ್ರ ಅದರಲ್ಲಿ ಬರೆಯಿರಿ. ಆಮೇಲೆ ಒಂದು ಭಾನುವಾರ ಬೆಳಗ್ಗೆ ನಮ್ಮಲ್ಲಿಗೆ ಬನ್ನಿ. ವಿಡಿಯೋ ತರಬೇಡಿ, ನಿಮ್ಮಲ್ಲಿ ಎಲ್ಲರಿಗಿಂತ ಹಿಂದೆ ಇರುವ ಒಬ್ಬ ಶಿಷ್ಯನನ್ನು ಕರೆದುಕೊಂಡು ಬನ್ನಿ. ಡಿಸೆಂಬರ್ ನಂತರವಾದರೆ ಅಂಗಳದಲ್ಲಿ ಅಡಿಕೆ ಇರುತ್ತದೆ, ಅವನಿಗೆ ಮೊದಲೇ ಹೇಳಿರಿ.